ಹುಗ್ಗಿ ಉಂಡ ಎತ್ತು

ನನ್ನ ಸೋದರಮಾವನ ಊರು ಚಚಡಿ. ಆ ಹೆಸರೆತ್ತಿದರೆ ಸುತ್ತಲಿನ ಹಳ್ಳಿಯವರಿಗೆ ದೇಸಾಯರ ವಾಡೆ ನೆನಪಾಗುತ್ತದೆ. ನನಗೆ ಮಾವನ ಮನೆಯಲ್ಲಿ ದನ ಕಟ್ಟುವ ಹಕ್ಕಿ. ತಲೆಬಾಗಿಲು ದಾಟಿದ ಕೂಡಲೇ ಎಡಕ್ಕೆ ತಗ್ಗಿನಲ್ಲಿ ಎರಡು ಎತ್ತು, ಒಂದು ಎಮ್ಮೆ. ಅವುಗಳ ಎದುರಿಗೆ ಸೊಂಟದೆತ್ತರದ ಗ್ವಾದಲಿ. ಬಲಕ್ಕೆ ಮೂರು ಮೆಟ್ಟಿಲು ಏರಿದರೆ ಪಡಸಾಲೆ. ರಾತ್ರಿ ಅಲ್ಲಿ ಹಾಸಿಗೆ ಹಾಸಿದರೆ ದನಗಳ ಉಸಿರು, ಕೊರಳ ಗೆಜ್ಜೆ, ಮೆಲುಕಿನ ಸದ್ದು ತಲೆದಿಂಬಿನ ಪಕ್ಕದಲ್ಲೇ ಇದ್ದಂತೆ. ಸೂಟಿಗೆ ಹೋದಾಗಲೆಲ್ಲ ಅದನ್ನೇ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಮೆಲುಕು ಹಾಕುವ ಸದ್ದಿಗೆ ಒಂದು ಲಯವಿದೆ. ಐವತ್ತು ಅರವತ್ತು ಸಲ ದವಡೆ ಆಡುತ್ತದೆ, ಒಂದು ನುಂಗು, ಒಂದು ಕ್ಷಣ ಮೌನ, ಆಮೇಲೆ ಕೊರಳೊಳಗಿಂದ ಇನ್ನೊಂದು ಉಂಡೆ ಮೇಲೇರಿ ಮತ್ತೆ ಶುರು. ಆ ಮೌನ ಉದ್ದವಾದರೆ ಮಲಗಿದ್ದ ಮಾವ ಕಣ್ಣು ತೆರೆಯುತ್ತಿದ್ದ.

2003ರ ಮೇ ತಿಂಗಳು. ಬರದ ಮೇಲೆ ಬರ ಬಿದ್ದ ಕಾಲ. ಎರಿ ಹೊಲ ಬಿರುಕು ಬಿಟ್ಟು, ಕಾಲಿಟ್ಟರೆ ಹಿಮ್ಮಡಿ ಸಿಕ್ಕಿಕೊಳ್ಳುವಂತಾಗಿತ್ತು. ಹಿಂಗಾರಿ ಜೋಳ ಮೊಳಕಾಲೆತ್ತರಕ್ಕೆ ನಿಂತು ಒಣಗಿದ್ದರಿಂದ ಕಣಿಕಿಯೂ ಇರಲಿಲ್ಲ. ಇದ್ದವರಿಂದ ಸೂಡಿನ ಲೆಕ್ಕದಲ್ಲಿ ಕೊಂಡು ತಂದ ಕಣಿಕಿಯನ್ನು ಮಾವನ ಹೆಂಡತಿ, ನಮ್ಮ ಅತ್ತಿ, ಕೊಡಲಿಯಿಂದ ಸಣ್ಣಗೆ ಕಡಿದು, ಎಣಿಸಿದ ಹಾಗೆ ಹಾಕುತ್ತಿದ್ದಳು. ಖಿಲಾರಿ ಎತ್ತುಗಳು, ಬಸ್ಯಾ ಮತ್ತು ಮಾಳ್ಯಾ. ಎರಡರ ಪಕ್ಕೆಲುಬೂ ಎಣಿಸಲು ಬರುತ್ತಿತ್ತು. ಖಾಲಿ ಗ್ವಾದಲಿಯನ್ನು ಬಸ್ಯಾ ನೆಕ್ಕುವ ಸದ್ದು ಕೇಳಿದಾಗಲೆಲ್ಲ ಅತ್ತಿ ತನ್ನ ಊಟದ ತಾಟು ಬದಿಗೆ ಸರಿಸಿ ಏಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಹೀಗಿರುವಾಗ ಹಿಂದಿನ ಓಣಿಯಲ್ಲಿ ಮದುವೆಯಾಯಿತು. ಬರ ಎಂದು ಮದುವೆಗಳು ನಿಲ್ಲುವುದಿಲ್ಲ. ಗೋದಿ ಹುಗ್ಗಿ ಮಾಡಿಸಿದ್ದರು: ಕುಟ್ಟಿದ ಗೋದಿ, ಬೆಲ್ಲ, ಕೊಬ್ಬರಿ, ಗಸಗಸೆ. ಬರುವವರು ಕಡಿಮೆಯಾಗಿ ಅರ್ಧ ಹಂಡೆ ಉಳಿಯಿತು. ಬಿಸಿಲಿಗೆ ಸಂಜೆಯೊಳಗೆ ಹಳಸುತ್ತದೆ ಎಂದು ಮದುವೆ ಮನೆಯವರು ಓಣಿಗೆಲ್ಲ ಹಂಚಿದರು. ಅತ್ತಿ ಒಂದು ಬಕೀಟು ತುಂಬ ತಂದಳು. ನಮಗೆ ಬಟ್ಟಲು ಬಟ್ಟಲು ಹಾಕಿ, ಉಳಿದದ್ದನ್ನು ತಗ್ಗಿಗೆ ಇಳಿದು ಗ್ವಾದಲಿಗೆ ಸುರಿದಳು. ಮಾಳ್ಯಾ ಅಂದು ಮುಯ್ಯಿಗೆಂದು ಬೇರೆಯವರ ಹೊಲಕ್ಕೆ ಹೋಗಿತ್ತು. ಬಸ್ಯಾ ಒಂದೇ ಇತ್ತು.

"ಉಣ್ಣಲಿ. ವರ್ಷಾನಗಟ್ಲೆ ಕಣಿಕಿ ತಿಂದು ಬ್ಯಾಸತ್ತೈತಿ. ಒಂದ್ ದಿನರ ಸೀ ಉಣ್ಣಲಿ" ಎಂದಳು ಅತ್ತಿ. ಬಸ್ಯಾ ಮೂಗಿನವರೆಗೂ ಮುಖ ಮುಳುಗಿಸಿ ಉಂಡಿತು. ಅತ್ತಿ ಅದರ ಹಣೆ ಸವರುತ್ತ ನಿಂತಿದ್ದಳು. ಆ ಬೇಸಿಗೆಯಲ್ಲಿ ಅವಳ ಮುಖದಲ್ಲಿ ಸಮಾಧಾನ ಕಂಡದ್ದು ಅದೊಂದೇ ಹೊತ್ತು ಎಂದು ನನಗೆ ನೆನಪು.

ಆ ರಾತ್ರಿ ಮೆಲುಕಿನ ಸದ್ದಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಬಸ್ಯಾ ತಲೆ ಇಳಿಬಿಟ್ಟು ನಿಂತಿತ್ತು. ಹಲ್ಲು ಕಡಿಯುತ್ತಿತ್ತು. ಎಡ ಪಕ್ಕೆಗೆ ಮಾವ ಮುಷ್ಟಿಯಿಂದ ಒತ್ತಿದರೆ ಒಳಗೆ ಕೊಡದ ನೀರು ತುಳುಕಿದ ಸದ್ದು. ಸಗಣಿ ತೆಳ್ಳಗೆ, ಬೂದು ಬಣ್ಣಕ್ಕೆ ತಿರುಗಿ, ಹುಳಿ ಹಿಟ್ಟಿನ ವಾಸನೆ ಬರುತ್ತಿತ್ತು. ನೀರಿನ ಬಾನಿಯ ಎದುರು ಒಯ್ದರೆ ಮೂಗು ಅದ್ದಿತು, ಕುಡಿಯಲಿಲ್ಲ. ಎಂಟು ಗಂಟೆಗೆ ಮುಂಗಾಲು ಮಡಿಚಿ ಕುಸಿಯಿತು. ಅಕ್ಕಪಕ್ಕದವರು ಬಂದು ಸೇರಿ, ದೃಷ್ಟಿಯಾಗಿದೆ ಎಂದರು, ಹಾವು ಮುಟ್ಟಿರಬೇಕು ಎಂದರು. ಗೊಟ್ಟದಲ್ಲಿ ಎಣ್ಣೆ ಹಾಕಿರೆಂದು ಒಬ್ಬ ಹಿರಿಯರು ಹೇಳಿದರು. ಹುಗ್ಗಿಯ ಮಾತು ಯಾರೂ ಎತ್ತಲಿಲ್ಲ. ಸೀ ಊಟದಿಂದ ಎತ್ತಿಗೆ ಕೇಡಾಗುತ್ತದೆ ಎಂಬುದು ಯಾರಿಗೆ ಹೊಳೆಯಬೇಕು?

ಮಾವ ಸೈಕಲ್ ತುಳಿದು ಹೋಗಿ ಪಶುವೈದ್ಯರನ್ನು ಕರೆತಂದ. ಅವರು ಕೇಳಿದ ಮೊದಲ ಪ್ರಶ್ನೆಯೇ, "ನಿನ್ನೆ ಏನ್ ಹಾಕೀರಿ?" ಅತ್ತಿ ಹೇಳಿದಳು. ಅವರು ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ. ರಬ್ಬರಿನ ಉದ್ದ ನಳಿಗೆಯನ್ನು ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿ, ಬಂದ ದ್ರವಕ್ಕೆ ಒಂದು ಕಾಗದದ ಪಟ್ಟಿ ಅದ್ದಿ, ಬಣ್ಣ ತಿರುಗಿದ್ದನ್ನು ನಮಗೆ ತೋರಿಸಿದರು. "ಹೊಟ್ಟ್ಯಾಗ ಹುಳಿ ಎದ್ದೈತಿ" ಎಂದರು. ಆ ಒಂದು ವಾಕ್ಯವನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ನಾವು ಎತ್ತಿಗೆ ಹೊಟ್ಟೆಯಿದೆ ಎಂದುಕೊಳ್ಳುತ್ತೇವೆ. ಅಲ್ಲಿರುವುದು ಮೊದಲಿಗೆ ಒಂದು ಹಗೇವು. ಎಡ ಪಕ್ಕೆಯನ್ನೆಲ್ಲ ತುಂಬಿಕೊಂಡ, ನೂರು ಲೀಟರಿಗೂ ಮಿಗಿಲು ಹಿಡಿಸುವ ಚೀಲ. ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯನುಕೋಟಿ ಜೀವಿಗಳು ಒಕ್ಕಲು ಮಾಡುತ್ತಿವೆ. ಕಣಿಕಿಯ ನಾರನ್ನು ಕರಗಿಸುವ ಶಕ್ತಿ ಎತ್ತಿಗೆ ಇಲ್ಲ, ಆ ಜೀವಿಗಳಿಗೆ ಇದೆ. ಅವು ನಾರನ್ನು ಹುಳಿಗೊಳಿಸಿ ನಯವಾದ ಮೂರು ಬಗೆಯ ಆಮ್ಲಗಳನ್ನಾಗಿ ಮಾಡಿ ಕೊಡುತ್ತವೆ. ಎತ್ತು ಬದುಕುವುದು ಹೆಚ್ಚಾಗಿ ಆ ಆಮ್ಲಗಳ ಮೇಲೆ. ಸಕ್ಕರೆ ಅದರ ಕರುಳಿಗೆ ತಲುಪುವುದೇ ಅಪರೂಪ. ಬಾಯಿಗೆ ಬಿದ್ದ ಸಿಹಿಯನ್ನೆಲ್ಲ ಹಗೇವಿನ ಒಕ್ಕಲುಗಳು ಮೊದಲೇ ತಿಂದು ಮುಗಿಸಿರುತ್ತವೆ. ಹಾಗಾದರೆ ಮಿದುಳಿಗೆ, ಕೆಚ್ಚಲಿಗೆ ಬೇಕಾದ ಸಕ್ಕರೆ ಎಲ್ಲಿಂದ? ಮೂರು ಆಮ್ಲಗಳಲ್ಲಿ ಒಂದಾದ ಪ್ರೊಪಿಯಾನಿಕ್ ಆಮ್ಲವನ್ನು ಯಕೃತ್ತು ಹಿಡಿದುಕೊಂಡು ಗ್ಲೂಕೋಸ್ ಮಾಡುತ್ತದೆ. ಒಂದು ಲೀಟರ್ ಹಾಲಿಗೆ ಎಮ್ಮೆಯೋ ಆಕಳೋ ಸುಮಾರು 70 ಗ್ರಾಂ ಗ್ಲೂಕೋಸ್ ಕೆಚ್ಚಲಿಗೆ ಸಾಗಿಸಬೇಕು. ಚಹಕ್ಕೆ ಹಾಕಿದ ಹಾಲಿನ ಸಣ್ಣ ಸಿಹಿ ಇದೆಯಲ್ಲ, ಅದು ಜೋಳದ ಕಣಿಕಿಯಿಂದ ಮಾಡಿದ ಸಿಹಿ. ಇದನ್ನು ತಿಳಿದ ದಿನದಿಂದ ಕಣಿಕಿ ಬಣವೆ ನೋಡಿದರೆ ನನಗೆ ಮೊದಲಿನಂತೆ ಒಣಹುಲ್ಲು ಕಾಣುವುದಿಲ್ಲ.

ಹೀಗೆ ತಾನೇ ಮಾಡಿಕೊಂಡ ಸಕ್ಕರೆಯನ್ನು ಎತ್ತು ಬಹಳ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಡೆಸಿಲೀಟರ್ ರಕ್ತಕ್ಕೆ 45ರಿಂದ 75 ಮಿಲಿಗ್ರಾಂ. ಮನುಷ್ಯರಿಗೆ ಬರಿಹೊಟ್ಟೆಯಲ್ಲಿ 70ರಿಂದ 100. ಮನುಷ್ಯನಿಗೆ 50ಕ್ಕೆ ಇಳಿದರೆ ಬೆವರು ಕಿತ್ತು ಕಣ್ಣು ಕತ್ತಲಾಗುತ್ತದೆ. ಎತ್ತು ಅಷ್ಟರಲ್ಲೇ ನೇಗಿಲು ಎಳೆಯುತ್ತದೆ. ಇಪ್ಪತ್ತೈದು ಲೀಟರ್ ರಕ್ತವಿರುವ ದೊಡ್ಡ ಎತ್ತಿನ ನೆತ್ತರಲ್ಲಿ ಒಟ್ಟು ಹದಿನೈದು ಗ್ರಾಂ ಸಕ್ಕರೆ. ಅಂಗೈಯಲ್ಲಿ ಹಿಡಿದರೆ ಒಂದು ಸಣ್ಣ ಬೆಲ್ಲದ ಚೂರು. ಅಷ್ಟರಲ್ಲಿ ಸಂಸಾರ ನಡೆಸುವ ಪ್ರಾಣಿಗೆ ನಾವು ಬಕೀಟು ಹುಗ್ಗಿ ಸುರಿದಿದ್ದೆವು.

ಹುಗ್ಗಿಯಲ್ಲಿ ಬೆಲ್ಲ ಮಾತ್ರ ಇರಲಿಲ್ಲ, ಕುಟ್ಟಿ ಬೇಯಿಸಿದ ಗೋದಿಯೂ ಇತ್ತು. ಸಿಪ್ಪೆ ಹೋದ, ಬೆಂದ ಗೋದಿ ಹಗೇವಿನಲ್ಲಿ ಹೆಚ್ಚುಕಡಿಮೆ ಬೆಲ್ಲದಷ್ಟೇ ಬೇಗ ಹುಳಿಯುತ್ತದೆ. ನಾರು ತಿನ್ನುವ ಜೀವಿಗಳು ನಿಧಾನದವು. ಸಿಹಿ ತಿನ್ನುವವು ಗಡಿಬಿಡಿಯವು. ಆಹಾರ ಸಿಕ್ಕರೆ ಅರ್ಧ ಗಂಟೆಯೊಳಗೇ ಒಂದು ಎರಡಾಗುತ್ತದೆ. ಅವು ಬಿಡುವುದು ಲ್ಯಾಕ್ಟಿಕ್ ಆಮ್ಲ, ಮೊಸರಿನ ಹುಳಿಯೇ. 6ರಿಂದ 7ರ ನಡುವೆ ಇರಬೇಕಾದ ಹಗೇವಿನ ಪಿ.ಎಚ್. 5ಕ್ಕಿಂತ ಕೆಳಗೆ ಬೀಳುತ್ತದೆ. ಆ ಹುಳಿಯಲ್ಲಿ ನಾರು ತಿನ್ನುವವು ಸಾಯುತ್ತವೆ. ಆ ದಟ್ಟ ಹುಳಿ ದೇಹದ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಒಳಗೆ ಕೊಡ ತುಳುಕುತ್ತಿದ್ದರೂ ನೆತ್ತರು ಒಣಗುತ್ತದೆ. ಕಣ್ಣು ಗುಳಿ ಬೀಳುತ್ತದೆ. ಆಮ್ಲ ರಕ್ತಕ್ಕೆ ಇಳಿದರೆ ತೂರಾಡಿ ಬೀಳುತ್ತದೆ. ಗೊರಸಿನ ಒಳಗಿನ ಮೆತ್ತನೆಯ ಪದರ ಊದಿಕೊಂಡು, ಬದುಕಿ ಉಳಿದರೂ ವಾರಗಟ್ಟಲೆ ಕುಂಟುತ್ತದೆ. ನಮ್ಮ ಸೀಮೆಯ ಪಶುವೈದ್ಯರಿಗೆ ಇದು ಮದುವೆಯ ಹಂಗಾಮಿನ ಕಾಯಿಲೆ, ಜಾತ್ರೆಯ ಮರುದಿನದ ಕಾಯಿಲೆ. ಕಲ್ಯಾಣ ಮಂಟಪದ ಹಿಂದೆ ಉಳಿದ ಅನ್ನ, ಬುಂದೆ, ಹೋಳಿಗೆಯನ್ನು ಒಂದೆಡೆ ಸುರಿದು "ದನಾ ತಿಂತಾವ" ಎಂದು ಹೋಗುತ್ತೇವಲ್ಲ, ಆ ರಾಶಿಯನ್ನು ನೋಡಿದಾಗಲೆಲ್ಲ ನನಗೆ ಬಸ್ಯಾನ ಗುಳಿಬಿದ್ದ ಕಣ್ಣು ನೆನಪಾಗುತ್ತದೆ. ಅದನ್ನು ಸುರಿಯುವ ಕೈಗಳಲ್ಲಿ ಕೇಡು ಇರುವುದಿಲ್ಲ. ಅತ್ತಿಯ ಕೈಯಲ್ಲೂ ಇರಲಿಲ್ಲ.

ವೈದ್ಯರು ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ನಳಿಗೆಯಿಂದ ಇಳಿಸಿದರು. ಕೊರಳ ನರಕ್ಕೆ ಸೂಜಿ ಹಾಕಿ ಬಾಟಲಿ ಮೇಲೆ ಬಾಟಲಿ ಸಲಾಯಿನ್ ಏರಿಸಿದರು. ಜಂತಿಗೆ ಹಗ್ಗ ಕಟ್ಟಿ ಬಾಟಲಿ ತೂಗುಬಿಟ್ಟಿದ್ದೆವು. ಅದರ ಹನಿ ಎಣಿಸುವ ಕೆಲಸ ನನಗೆ ಬಂತು. ಕಾಳು, ಹಿಟ್ಟು, ಹಿಂಡಿ ಏನೂ ಬೇಡ, ಒಣ ಕಣಿಕಿ ಮಾತ್ರ ಎದುರಿಗೆ ಇಡಿ ಎಂದರು. ಎರಡನೆಯ ದಿನ ಬಸ್ಯಾ ಎದ್ದು ನಿಂತಿತು. ಮೆಲುಕು ಮಾತ್ರ ಬರಲಿಲ್ಲ. ಕಣಿಕಿ ಬಾಯಿಗಿಟ್ಟರೆ ಹಾಗೇ ಹಿಡಿದು ನಿಲ್ಲುತ್ತಿತ್ತು. "ಒಳಗ ದುಡಿಯೋರs ಇಲ್ಲ. ಎಲ್ಲಾ ಸತ್ತ ಹೋಗ್ಯಾವ" ಎಂದರು ವೈದ್ಯರು.

ಮೂರನೆಯ ದಿನ ಅವರು ಮಾಡಿದ್ದನ್ನು ನಾನು ಸಾಯುವತನಕ ಮರೆಯಲಾರೆ. ಅಷ್ಟರಲ್ಲಿ ಮುಯ್ಯಿ ಮುಗಿಸಿ ಮಾಳ್ಯಾ ಮನೆಗೆ ಬಂದಿತ್ತು. ವೈದ್ಯರು ಅದರ ಬಾಯಿಗೆ ನಳಿಗೆ ಇಳಿಸಿ, ಹೊಟ್ಟೆಯೊಳಗಿನ ಹಸಿರು-ಕಂದು ರಸವನ್ನು ಬಕೀಟಿಗೆ ಎಳೆದುಕೊಂಡರು. ಮಾವನ ಹಳೆಯ ಧೋತರದ ಅರಿವೆಯಲ್ಲಿ ಸೋಸಿದರು. ಬೆಚ್ಚಗಿರುವಾಗಲೇ, ತಡಮಾಡದೆ, ಅದೇ ರಸವನ್ನು ಬಸ್ಯಾನ ಹೊಟ್ಟೆಗೆ ಇಳಿಸಿದರು. ಮೂರ್ನಾಲ್ಕು ಲೀಟರ್ ಇರಬಹುದು. ಆ ರಸದ ಒಂದು ಹನಿಯಲ್ಲೂ ಕೋಟಿ ಲೆಕ್ಕದಲ್ಲಿ ಜೀವಿಗಳು ಇರುತ್ತವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ಎತ್ತಿನ ಹೊಟ್ಟೆಯ ಒಕ್ಕಲನ್ನು ಇನ್ನೊಂದರೊಳಗೆ ನೆಟ್ಟರು. ಆರು ವರ್ಷ ಒಂದೇ ನೊಗ ಹೊತ್ತ ಜೋಡಿ ಅದು. ನಾಲ್ಕನೆಯ ರಾತ್ರಿ, ಎಷ್ಟು ಹೊತ್ತೋ ಗೊತ್ತಿಲ್ಲ, ತಗ್ಗಿನಲ್ಲಿ ಗೆಜ್ಜೆ ಅಲುಗಿ, ದವಡೆ ಆಡುವ ಸದ್ದು ಶುರುವಾಯಿತು. ಪಡಸಾಲೆಯಲ್ಲಿ ಮಲಗಿದ್ದವರೆಲ್ಲ ಎಚ್ಚರವಾಗಿದ್ದೆವು ಎಂದು ತಿಳಿದದ್ದು ಅತ್ತಿ ಬಿಕ್ಕಿ ಅತ್ತಾಗ.

ಅದೇ ವರ್ಷ ನಮ್ಮ ಸೀಮೆಯ ಇನ್ನೊಂದು ಜೀವಿ ಸಕ್ಕರೆಯಲ್ಲಿ ಮುಳುಗಿ ತೇಲುತ್ತಿತ್ತು. ಮಾವನ ಬಾವಿಯ ಕೆಳಗಿನ ಎರಡು ಎಕರೆಯಲ್ಲಿ ಕಬ್ಬು ಇತ್ತು. ಮುನವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರಿಯಲ್ಲೂ ನೀರಿದ್ದವರು ಕಬ್ಬು ಹಚ್ಚತೊಡಗಿದ್ದರು. 2002ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯಿಂದ ಬಿಳಿ ಉಣ್ಣೆ ಹೇನು ಬಂತು. ಅದಕ್ಕೂ ಮುಂಚೆ ಅದು ಈಶಾನ್ಯ ಭಾರತದ ಕಡೆಯ ಕೀಟ. 1958ರಲ್ಲಿ ಪಶ್ಚಿಮ ಬಂಗಾಳದ ಕಬ್ಬಿನಲ್ಲಿ ಗುರುತಿಸಿದ್ದರು. ಕೆಲವೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಕಬ್ಬಿನ ಎಲೆಗಳ ಅಡಿಯೆಲ್ಲ ಅರಳೆ ಅಂಟಿಸಿದಂತೆ ಬೆಳ್ಳಗಾಯಿತು. ಪಡದೊಳಗೆ ನಡೆದರೆ ಅಂಗಿ, ತಲೆಗೂದಲು ಎಲ್ಲ ಅಂಟು. ನಾಲಗೆಗೆ ಹಚ್ಚಿದರೆ ಸಿಹಿ. ಮೇಲಿನ ಎಲೆಯ ಹೇನು ಉದುರಿಸಿದ ಸಿಹಿ ಹನಿ ಕೆಳಗಿನ ಎಲೆಯ ಮೇಲೆ ಬಿದ್ದು, ಅದರ ಮೇಲೆ ಕರಿ ಬೂಷ್ಟು ಬೆಳೆದು, ಮೇಲೆ ಬಿಳಿ ಕೆಳಗೆ ಕಪ್ಪು ಎನ್ನುವಂತೆ ಕಬ್ಬು ನಿಂತಿತ್ತು.

ಆ ಅಂಟಿನಲ್ಲಿ ಒಂದು ಉಪಾಯ ಅಡಗಿದೆ. ಹೇನು ಸೂಜಿಯಂಥ ಮೂತಿಯನ್ನು ಎಲೆಯ ನರಕ್ಕೆ ಚುಚ್ಚಿ ಗಿಡ ಮಾಡಿದ ಪಾಕವನ್ನೇ ಹೀರುತ್ತದೆ. ಅದರಲ್ಲಿ ಸಕ್ಕರೆ ಅಪಾರ, ಮೈ ಕಟ್ಟುವ ಸಾರಜನಕ ಅತ್ಯಲ್ಪ. ಆ ಅಲ್ಪಕ್ಕಾಗಿ ಅಪಾರವನ್ನು ಕುಡಿಯಬೇಕು. ಇಷ್ಟು ದಪ್ಪ ಪಾಕ ಕರುಳಿನಲ್ಲಿದ್ದರೆ ಉಪ್ಪಿಗೆ ಹಾಕಿದ ಮಾವಿನಕಾಯಿ ಸೊರಗುವಂತೆ ಹೇನಿನ ಮೈಯ ನೀರೆಲ್ಲ ಕರುಳಿಗೆ ಸೋರಿ ಅದು ಒಣಗಿ ಸಾಯಬೇಕು. ಬಸ್ಯಾನಿಗೆ ಆದದ್ದೂ ಇಂಥದ್ದೇ, ನೀರೆಲ್ಲ ಒಳಗೆ ಸೋರಿದ್ದು. ಹೇನು ಸಾಯುವುದಿಲ್ಲ. ಅದರ ಕರುಳಿನ ಒಂದು ಕಿಣ್ವ ಸಕ್ಕರೆಯ ಬಿಡಿ ಮಣಿಗಳನ್ನು ಪೋಣಿಸಿ ಉದ್ದ ಸರ ಮಾಡುತ್ತದೆ. ನೂರು ಬಿಡಿ ಮಣಿ ನೀರನ್ನು ಎಳೆದಷ್ಟು ಹತ್ತು ಸರಗಳು ಎಳೆಯಲಾರವು. ನೀರು ಮೈಯಲ್ಲೇ ಉಳಿಯುತ್ತದೆ, ಸರಗಳು ಹಿಂದಿನಿಂದ ಜೇನಿನ ಹನಿಯಾಗಿ ಉದುರುತ್ತವೆ. ಆ ಹನಿಗೆ ಇರುವೆಗಳು ಸಾಲುಗಟ್ಟುತ್ತವೆ. ಮಾವನ ಬೆಳೆಯನ್ನು ತಿಂದ ಹುಳದ ಜಾಣ್ಮೆಯನ್ನು ನಾನು ಇಷ್ಟು ಮನಸಾರೆ ಹೊಗಳುವುದು ಅವನಿಗೆ ಹಿಡಿಸಲಿಕ್ಕಿಲ್ಲ. ಆದರೆ ಅದನ್ನು ತಿಂದು ಮುಗಿಸಿದ ಹುಳಗಳನ್ನು ಅವನೇ ಎಲೆಸಮೇತ ಬೇರೆಯವರ ಪಡದಿಂದ ತಂದು ತನ್ನ ಪಡದಲ್ಲಿ ಬಿಟ್ಟಿದ್ದ: ಡೈಫಾ ಎಂಬ ಪತಂಗದ ಕೀಡೆ, ಮೈಕ್ರೋಮಸ್ ಎಂಬ ರೆಕ್ಕೆಹುಳ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಔಷಧಿಗಿಂತ ಇವೇ ವಾಸಿ ಎಂದು ರೈತರಿಗೆ ಹೇಳಿಕೊಟ್ಟಿದ್ದರು. ವರ್ಷ ಎರಡು ವರ್ಷದಲ್ಲಿ ಬಿಳಿ ಹೇನಿನ ಹಾವಳಿ ತಗ್ಗಿತು.

ಆಗಿನಿಂದ ಸಿಹಿ ತಿನ್ನುವ ಯಾವ ಜೀವಿಯನ್ನು ಕಂಡರೂ, ಇದು ಆ ಸಿಹಿಯನ್ನು ಏನು ಮಾಡುತ್ತದೆ ಎಂದು ನೋಡುವುದು ನನಗೆ ರೂಢಿಯಾಯಿತು. ಮಾವನ ಮನೆಯ ಬೆಕ್ಕು ಹುಗ್ಗಿಯ ಪಾತ್ರೆಗೆ ಬಾಯಿ ಹಾಕಿದರೆ ತುಪ್ಪವನ್ನಷ್ಟೇ ನೆಕ್ಕುತ್ತದೆ. ಬೆಕ್ಕಿನ ಜಾತಿಗೆ ಸಿಹಿ ತಿಳಿಯುವುದೇ ಇಲ್ಲ. ನಾಲಗೆಯ ಸಿಹಿ ಗ್ರಾಹಕವನ್ನು ಕಟ್ಟುವ ಒಂದು ವಂಶವಾಹಿ ಅದರಲ್ಲಿ ಮುರಿದುಬಿದ್ದಿದೆ ಎಂದು 2005ರಲ್ಲಿ ಕಂಡುಕೊಂಡರು. ಕಬ್ಬಿನ ಪಡದ ನರಿ ಹಾಗಲ್ಲ, ರಾತ್ರಿ ಬಂದು ಕಬ್ಬು ಜಗಿದು ಹೋಗುತ್ತದೆ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆ ಏರಿಸಿದರೆ ಎಲ್ಲಿಂದಲೋ ಜೇನ್ನೊಣಗಳು ಬಂದು ಮುಕುರುತ್ತವೆ. ಜೇನಿನ ಹೊಟ್ಟೆಯಲ್ಲಿ ಎರಡು ಕೋಣೆ, ನಡುವೆ ಒಂದು ಬಾಗಿಲು. ತನ್ನ ಹಾರಾಟಕ್ಕೆ ಬೇಕಾದಷ್ಟನ್ನು ಮಾತ್ರ ಬಾಗಿಲು ತೆರೆದು ಒಳಬಿಟ್ಟುಕೊಂಡು ಉಳಿದದ್ದನ್ನು ಗೂಡಿಗೆ ಒಯ್ಯುತ್ತದೆ. ಅಲ್ಲಿ ರೆಕ್ಕೆ ಬೀಸಿ ಬೀಸಿ ನೀರು ಆರಿಸಿ, ಐದರಲ್ಲಿ ನಾಲ್ಕು ಪಾಲು ಸಕ್ಕರೆಯಾಗುವಷ್ಟು ಗಟ್ಟಿ ಮಾಡಿ ಮೇಣದ ಮುಚ್ಚಳ ಹಾಕುತ್ತದೆ. ಬೆಲ್ಲ ಕಾಯಿಸುವ ಗುಳವ್ಯಾ ಒಲೆ ಉರಿಸಿ ಮಾಡುವುದನ್ನು ಅದು ರೆಕ್ಕೆಯಿಂದ ಮಾಡುತ್ತದೆ. ಪಾಪ, ಆ ಆಸೆಗೆ ಎಷ್ಟೋ ನೊಣಗಳು ಕುದಿಯುವ ಪಾಕಕ್ಕೇ ಬೀಳುತ್ತವೆ. ಕೊಪ್ಪರಿಗೆಯ ಮೇಲೆ ತೇಲುವ ಅವುಗಳನ್ನು ಜಾಲರಿಯಿಂದ ಎತ್ತಿ ಹಾಕುವುದನ್ನು ನೋಡಲು ನನಗೆ ಆಗುವುದಿಲ್ಲ.

ಹಿತ್ತಲ ದಾಸವಾಳಕ್ಕೆ ಬರುವ ಸೂರಕ್ಕಿ ಹತ್ತು ಗ್ರಾಂ ಕೂಡ ತೂಗದು. ಇಡೀ ದಿನ ಮಕರಂದ ಹೀರುತ್ತದೆ. ಮಕರಂದ ಎಂದರೆ ಸಕ್ಕರೆ ನೀರು. ಸಕ್ಕರೆಯ ಆಸೆಗೆ ತನ್ನ ತೂಕಕ್ಕಿಂತ ಹೆಚ್ಚು ನೀರು ಕುಡಿದರೆ ಮೂತ್ರಪಿಂಡ ಸೋತುಹೋಗಬೇಕು. ಇಸ್ರೇಲಿನ ಕಡೆಯ ಒಂದು ಸೂರಕ್ಕಿಯನ್ನು ಪರೀಕ್ಷಿಸಿದವರು 2003ರಲ್ಲಿ ಬರೆದರು: ಅದರ ಕರುಳು ಸಕ್ಕರೆಯನ್ನು ಹೀರಿಕೊಂಡು, ಹೆಚ್ಚಿನ ನೀರನ್ನು ರಕ್ತಕ್ಕೆ ಬಿಡದೆ ಹಾಗೆಯೇ ಹೊರಗೆ ದಾಟಿಸುತ್ತದೆ. ಅಮೆರಿಕ ಖಂಡದ ಝೇಂಕಾರದ ಹಕ್ಕಿ ಇನ್ನೂ ಮುಂದೆ. ಬರಿಹೊಟ್ಟೆಯಲ್ಲೇ ಅದರ ರಕ್ತದ ಸಕ್ಕರೆ 300ರ ಆಸುಪಾಸು, ಉಂಡ ಮೇಲೆ 700 ದಾಟುತ್ತದೆ. ರೆಕ್ಕೆ ನಿಲ್ಲಿಸದೆ ಬಡಿಯುವುದರಿಂದ ಕುಡಿದ ಸಕ್ಕರೆ ಕೆಲವೇ ನಿಮಿಷಗಳಲ್ಲಿ ಸ್ನಾಯುವಿನಲ್ಲಿ ಉರಿಯತೊಡಗುತ್ತದೆ.

ಬಾವಲಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಅದರ ಬಾಯೊಳಗೇ ಒಂದು ಗಾಣವಿದೆ. ಊರ ಹೊರಗಿನ ಆಲದ ಮರದಲ್ಲಿ ಹಗಲೆಲ್ಲ ತಲೆಕೆಳಗಾಗಿ ತೂಗುವ ತೊಗಲಬಾವಲಿಗಳು ಸಂಜೆಗೆ ಹೊರಟು ಪೇರಲ, ಚಿಕ್ಕು, ಅತ್ತಿಹಣ್ಣು ಹುಡುಕುತ್ತವೆ. ಹಣ್ಣನ್ನು ಅಂಗುಳಿನ ಗೆರೆಗಳಿಗೆ ನಾಲಗೆಯಿಂದ ಒತ್ತಿ ರಸ ನುಂಗಿ, ಹಿಂಡಿದ ನಾರನ್ನು ಉಂಡೆ ಮಾಡಿ ಉಗುಳುತ್ತವೆ. ಬೆಳಗ್ಗೆ ಮರದ ಕೆಳಗೆ ಬಿದ್ದಿರುವ ಒಣ ಉಂಡೆಗಳು ಥೇಟ್ ಗಾಣದ ಹಿಪ್ಪೆಯೇ. ನುಂಗಿದ್ದು ಅರ್ಧ ಗಂಟೆಯಲ್ಲಿ ಕರುಳು ದಾಟುತ್ತದೆ. ಹಣ್ಣು ತಿನ್ನುವ ಬಾವಲಿಯ ಮತ್ತು ಹುಳ ತಿನ್ನುವ ಬಾವಲಿಯ ಮೇದೋಜೀರಕ, ಮೂತ್ರಪಿಂಡಗಳ ಒಂದೊಂದೇ ಜೀವಕೋಶ ಬಿಡಿಸಿ ಹೋಲಿಸಿದ ಅಧ್ಯಯನ 2024ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂತು. ಹಣ್ಣಿನ ಬಾವಲಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳು ಹೆಚ್ಚು, ರಸದ ಊಟದಲ್ಲಿ ಕಡಿಮೆ ಸಿಗುವ ಉಪ್ಪನ್ನು ಹಿಡಿದಿಡುವ ಮೂತ್ರಪಿಂಡದ ಕೋಶಗಳೂ ಹೆಚ್ಚು. ಮಕರಂದ ಕುಡಿಯುವ ಕೆಲವು ಬಾವಲಿಗಳ ರಕ್ತದಲ್ಲಿ ಸಕ್ಕರೆ 750ನ್ನೂ ಮೀರಿದ್ದು ಕಂಡಿದೆ. ಮನುಷ್ಯನಿಗಾದರೆ ಆಸ್ಪತ್ರೆಗೆ ಓಡಬೇಕಾದ ಅಂಕಿ. ಬಾವಲಿ ಅದನ್ನು ಹೊತ್ತು ಹಾರುತ್ತದೆ, ಹಾರುತ್ತಲೇ ಇಳಿಸುತ್ತದೆ.

ಬೆಕ್ಕೊಂದು ಬಿಟ್ಟರೆ ಇವೆಲ್ಲ ಸಿಹಿಯ ಒಕ್ಕಲುಗಳು, ಲಕ್ಷಾಂತರ ವರ್ಷ ಅದರೊಡನೆ ಬದುಕಿ ಒಂದೊಂದು ದಾರಿ ಕಂಡುಕೊಂಡವು. ಎತ್ತು ಆ ಪೈಕಿಯಲ್ಲ. ಅದು ಹುಲ್ಲಿನ ಪೈಕಿ. ನಮ್ಮ ಹಿರಿಯರಿಗೆ ಆಮ್ಲ, ಕಿಣ್ವ ತಿಳಿದಿರಲಿಲ್ಲ, ಆದರೂ ಅವರ ರೂಢಿಯಲ್ಲಿ ಅಳತೆ ಇತ್ತು ಎಂದು ಈಗ ಅನ್ನಿಸುತ್ತದೆ. ಕಬ್ಬು ಕಡಿದಾಗ ಬುಡ ಕಾರ್ಖಾನೆಗೆ, ತುದಿಯ ಸೋಗಿ ಎತ್ತಿಗೆ. ಕಬ್ಬಿನಲ್ಲಿ ಸಿಹಿ ಬುಡದಿಂದ ಮೇಲಕ್ಕೆ ತುಂಬುತ್ತ ಹೋಗುವುದರಿಂದ ತುದಿ ಯಾವಾಗಲೂ ಸಪ್ಪೆ. ಹಂಗಾಮಿನ ತುಂಬ ಗಾಡಿ ಎಳೆಯುವ ಎತ್ತುಗಳು ಆ ಸಪ್ಪೆಯನ್ನೇ ತಿಂದು ಗಟ್ಟಿಯಾಗಿರುತ್ತವೆ. ಈದ ಎಮ್ಮೆಗೆ ಹಿಡಿ ಬೆಲ್ಲ ಕೊಡುತ್ತಾರೆ. ಹಾಲು ಉಕ್ಕುವ ಹೊತ್ತಿನಲ್ಲಿ ಅದರ ನೆತ್ತರಿನ ಸಕ್ಕರೆ ಕುಸಿಯುವುದುಂಟು, ಆಗ ಸ್ವಲ್ಪ ಬೆಲ್ಲ ಆಸರೆಯೇ. ಕಾರಹುಣ್ಣಿಮೆಯ ಮುನ್ನಾದಿನ ಎತ್ತುಗಳಿಗೆ ಹೊನ್ನುಗ್ಗಿ ಉಣ್ಣಿಸುತ್ತಾರೆ, ಅದು ಒಂದು ಬುಟ್ಟಿಯ ಮೂಲೆಯಷ್ಟು, ಹಬ್ಬದ ಮಟ್ಟಿಗೆ. ಬಕೀಟು ಹಳೆಯ ರೂಢಿಯಲ್ಲಿ ಇರಲಿಲ್ಲ. ಉಳಿದುಹೋಗುವಷ್ಟು ಹುಗ್ಗಿ ಮಾಡುವ ಕಾಲ ಬಂದ ಮೇಲೆ ಬಂದದ್ದು.

ಆ ವರ್ಷದ ಕಾರಹುಣ್ಣಿಮೆಗೆ ಬಸ್ಯಾನ ಕೋಡಿಗೆ ಬಣ್ಣ ಹಚ್ಚಿದರು, ಹಣೆಗೆ ಗೊಂಡೆ ಕಟ್ಟಿದರು. ಕರಿ ಹರಿಯಲು ಓಡಿಸಲಿಲ್ಲ, ಮುಂಗಾಲು ಇನ್ನೂ ಕುಂಟುತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ ಕುಂಟು ಹೋಯಿತು. ಆಮೇಲೆ ಏಳು ವರ್ಷ ಅದು ಮಾಳ್ಯಾನೊಡನೆ ದುಡಿಯಿತು.

ಅತ್ತಿಗೆ ಈಗ ಎಪ್ಪತ್ತರ ಹತ್ತಿರ. ಹನ್ನೆರಡು ವರ್ಷದಿಂದ ಸಕ್ಕರಿ ಬ್ಯಾನಿ. ಕಳೆದ ಸಲ ಹೋದಾಗ ಬೆಳಗ್ಗೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಬೆರಳಿಗೆ ಸೂಜಿ ಚುಚ್ಚಿ ಸಣ್ಣ ಯಂತ್ರದಲ್ಲಿ ನೋಡಿಕೊಳ್ಳುತ್ತಿದ್ದಳು. 184 ಬಂತು. ಒಂದು ಪುಸ್ತಕದಲ್ಲಿ ಬರೆದಿಡು ಎಂದು ನನ್ನ ಕೈಗೆ ಕೊಟ್ಟಳು. ಬರೆಯುತ್ತಿದ್ದಾಗ ತಗ್ಗಿನತ್ತ ನೋಡಿ ಕೇಳಿದಳು:

"ಎತ್ತಿಗಿ ಎಷ್ಟಿರತೈತಿ ಇದು?"

"ಐವತ್ತು, ಅರವತ್ತು."

"ಅಷ್ಟs?"

"ಅಷ್ಟೇ ಅತ್ತಿ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಸ್ಯಾನ ಹೆಸರು ಇಬ್ಬರೂ ಎತ್ತಲಿಲ್ಲ. ಈಗ ಮನೆಯಲ್ಲಿ ಇರುವುದು ಬೇರೆ ಜೋಡಿ. ಕಾರಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು. ಎದ್ದು ಒಳಗೆ ಹೋಗಿ, ಪೆಂಟಿಯಿಂದ ಹುಣಸೆಬೀಜದಷ್ಟು ಬೆಲ್ಲ ಮುರಿದುಕೊಂಡು ಬಂದು, ಕಂಬ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅಂಗೈ ಚಾಚಿದಳು. ಎಡಗೋಲಿನ ಎತ್ತು ಮೂಸಿ, ಒರಟು ನಾಲಗೆ ಚಾಚಿ ಅದನ್ನು ಎಳೆದುಕೊಂಡಿತು. ಬೆಲ್ಲ ಮುಗಿದಿತ್ತು. ಅದು ಅವಳ ಅಂಗೈ, ಮಣಿಕಟ್ಟು, ಬೆರಳ ಸಂದಿಗಳನ್ನು ನೆಕ್ಕುತ್ತಲೇ ಇತ್ತು. ಅತ್ತಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಗ್ವಾದಲಿಗೆ ಕಣಿಕಿ ಸರಿಸುತ್ತ ನಿಂತಳು.